ಒಂಬತ್ತು ಇಂಚಿಗೆ ಕಾಲು ಇಂಚು ಕಮ್ಮಿ

ದುಡ್ಡು ಹೆಚ್ಚಾದವರು ಮೊದಲು ಕಾರು ಬದಲಿಸುತ್ತಾರೆ. ಆಮೇಲೆ ಮನೆಗೆ ಮೂರನೇ ಅಂತಸ್ತು ಏರಿಸುತ್ತಾರೆ. ಆಗಲೂ ದುಡ್ಡು ಉಳಿದರೆ ಅವರಿಗೆ ಇತಿಹಾಸದ ಮೇಲೆ ಪ್ರೀತಿ ಹುಟ್ಟುತ್ತದೆ.

ಹಿಟ್ಲರನ ಕಾಲದ ಜರ್ಮನ್ ಕಠಾರಿಗಳ ಹಿಂದೆ ಬಿದ್ದ ಮಹಾಶಯರೊಬ್ಬರು ನಮ್ಮ ಕಡೆ ಇದ್ದಾರೆ. ಗೋಕಾಕದವರೋ, ಮೂಡಲಗಿಯವರೋ, ಹುಕ್ಕೇರಿಯವರೋ ಎಂದು ಕೇಳಬೇಡಿ. ಯಾವ ಊರಿನ ಹೆಸರು ಹೇಳಿದರೂ ಉಳಿದೆರಡು ಊರಿನವರು ನಗುತ್ತಾರೆ. ನಗುವ ಯೋಗ್ಯತೆ ಅವರಿಗೂ ಇಲ್ಲ.

ಮಖಮಲ್ಲಿನ ಪೆಟ್ಟಿಗೆ. ಕೈಗೆ ಬಿಳಿ ಗ್ಲೌಸು. "ಬರಿಗೈಲೆ ಮುಟ್ಟಬ್ಯಾಡ್ರಿ ಸರ, ಬೆವರಿಗೆ ತುಕ್ಕ ಹಿಡಿತೈತಿ." ಹೆತ್ತ ಕೂಸನ್ನೂ ಅವರು ಇಷ್ಟು ಜೋಪಾನವಾಗಿ ಎತ್ತಿರಲಿಕ್ಕಿಲ್ಲ.

ಅದು 1933ರ ಮಾದರಿಯ ಎಸ್‌ಎ ಕಠಾರಿ. ಆಕ್ರೋಟು ಮರದ ಕಂದು ಹಿಡಿಕೆ, ಅದರಲ್ಲಿ ಕೂರಿಸಿದ ಹದ್ದು, ಹದ್ದಿನ ಕಾಲಲ್ಲಿ ಸ್ವಸ್ತಿಕ. ಅಲಗಿನ ಮೇಲೆ ಆಸಿಡ್ಡಿನಲ್ಲಿ ಕೊರೆದ ಘೋಷಣೆ, 'ಎಲ್ಲವೂ ಜರ್ಮನಿಗಾಗಿ' ಎಂದು. ಒರಿಜಿನಲ್ ಗುರುತಿಸುವುದು ಹೇಗೆಂದು ಮಹಾಶಯರು ಪಾಠ ಮಾಡುತ್ತಾರೆ. ಅಲಗಿನ ನಡುವಿನ ಏಣು ಚೂಪಾಗಿರಬೇಕು. ಪಾಲಿಶಿನ ಗೆರೆ ಅಡ್ಡಡ್ಡ ಓಡಿರಬೇಕು. ಮೊದಮೊದಲಿನವಕ್ಕೆ ಜರ್ಮನ್ ಸಿಲ್ವರಿನ ಕಟ್ಟು, ಆಮೇಲಿನವಕ್ಕೆ ಮುಲಾಮು ಹಾಕಿದ ಅಗ್ಗದ ಲೋಹ. ಮುದ್ರೆ ಎಂ7/66 ಅಂತಿದ್ದರೆ ಜೋಲಿಂಗನ್ ಊರಿನ ಐಕ್‌ಹಾರ್ನ್ ಕಂಪನಿಯ ಮಾಲು. ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾರೆ.

ಎಸ್‌ಎ ಅಂದರೆ ಯಾರು ಎಂದು ಕೇಳಿದೆ.

"ಅವರ ಮಿಲಿಟ್ರಿ ಇರಬೇಕಲ್ರೀ."

ಅಲ್ಲ. ಕಂದು ಅಂಗಿ ತೊಟ್ಟ ಬೀದಿ ರೌಡಿಗಳು ಅವರು. 1933ರ ಏಪ್ರಿಲ್ 1ರಂದು ಯಹೂದಿ ಅಂಗಡಿಗಳ ಬಾಗಿಲಿಗೆ ನಿಂತು ಗಿರಾಕಿಗಳನ್ನು ತಡೆದವರು. 1938ರ ನವೆಂಬರಿನಲ್ಲಿ ಅದೇ ಅಂಗಡಿಗಳ ಗಾಜು ಪುಡಿ ಮಾಡಿದವರು, ಯಹೂದಿಗಳ ಪ್ರಾರ್ಥನಾಮಂದಿರಗಳಿಗೆ ಬೆಂಕಿ ಇಟ್ಟವರು. ತಿರುಪಿನ ಗಾತ್ರ ಗೊತ್ತು, ತೊಟ್ಟವನ ಕಸುಬು ಗೊತ್ತಿಲ್ಲ. ಇದರ ಹೆಸರು ಹಿಸ್ಟರಿ.

ಸ್ವಸ್ತಿಕದ ಬಗ್ಗೆ ತಕರಾರು ತೆಗೆದರೆ ಉತ್ತರ ತಯಾರಿದೆ. "ಅದು ನಮ್ದ ಅಲ್ಲೇನ್ರಿ?" ನಮ್ಮದೇ. ಹೊಸ್ತಿಲ ರಂಗೋಲಿಯಲ್ಲಿ ಪುಕ್ಕಟೆ ಸಿಗುತ್ತದೆ. ಹದ್ದಿನ ಕಾಲಿನಿಂದ ಲಕ್ಷ ಕೊಟ್ಟು ಬಿಡಿಸಿಕೊಳ್ಳುವ ದರ್ದು ಏನಿತ್ತು?

ಮಹಾಶಯರ ಕನಸಿನಲ್ಲಿ ಬರುವುದು ಇನ್ನೊಂದು ಕಠಾರಿ. ಎಸ್‌ಎ ಪಡೆಯ ಮುಖ್ಯಸ್ಥ ಅರ್ನ್‌ಸ್ಟ್ ರೋಮ್ ತನ್ನ ಹಳೆಯ ಹುಡುಗರಿಗೆ 'ಹೃತ್ಪೂರ್ವಕ ಸ್ನೇಹದಿಂದ' ಎಂದು ಬರೆಸಿ, ಕೆಳಗೆ ತನ್ನ ಹೆಸರು ಕೊರೆಸಿ ಹಂಚಿದ್ದು. 1934ರ ಜೂನ್ 30ರಂದು ಹಿಟ್ಲರ್ ತನ್ನ ಸ್ವಂತ ಗೂಂಡಾಪಡೆಯ ಮೇಲೇ ಕೈ ಮಾಡಿದ. ಮರುದಿನ ರೋಮ್‌ನನ್ನು ಜೈಲಿನಲ್ಲಿ ಗುಂಡಿಟ್ಟು ಕೊಂದರು. ಹಿಂದೆಯೇ ಹುಕುಂ ಬಂತು, ಕಠಾರಿಯಿಂದ ಆ ಹೆಸರು ಉಜ್ಜಿ ಅಳಿಸಿ. ನಿನ್ನೆಯವರೆಗೆ ಆ ಸ್ನೇಹವನ್ನು ಸೊಂಟಕ್ಕೆ ಕಟ್ಟಿಕೊಂಡು ತಿರುಗಿದ ಶೂರರು ಸಾಣೆ ಕಲ್ಲು ಹುಡುಕಿಕೊಂಡು ಓಡಿದರು. ಉಜ್ಜಿದ್ದಕ್ಕೆ ಇವತ್ತು ಕಡಿಮೆ ರೇಟು, ಉಜ್ಜದೆ ಉಳಿದಿದ್ದಕ್ಕೆ ಸಿಕ್ಕಾಪಟ್ಟೆ ರೇಟು. ಹೆದರಿದವರ ಪುಕ್ಕಲುತನಕ್ಕೂ ಬೆಲೆಪಟ್ಟಿ ಮಾಡಿದ್ದಾರೆ.

ಜರ್ಮನಿಯಲ್ಲಿ 'ಎಲ್ಲವೂ ಜರ್ಮನಿಗಾಗಿ' ಎಂಬ ಆ ಎಸ್‌ಎ ಘೋಷಣೆಯನ್ನು ಸಭೆಯಲ್ಲಿ ಕೂಗುವುದು ಅಪರಾಧ. ಬ್ಯೋರ್ನ್ ಹೋಕೆ ಎಂಬ ಬಲಪಂಥೀಯ ನಾಯಕನಿಗೆ 2024ರ ಮೇ ತಿಂಗಳಲ್ಲಿ ಹಾಲೆ ನಗರದ ನ್ಯಾಯಾಲಯ ಇದಕ್ಕಾಗಿಯೇ 13,000 ಯೂರೊ ದಂಡ ಹಾಕಿತು. ಅದು ಯಾರ ಘೋಷಣೆ ಎಂದು ತನಗೆ ಗೊತ್ತೇ ಇರಲಿಲ್ಲ ಅಂದ ಆಸಾಮಿ. ರಾಜಕೀಯಕ್ಕೆ ಬರುವ ಮೊದಲು ಆತ ಇತಿಹಾಸದ ಮೇಷ್ಟ್ರು. ನಮ್ಮ ಮಹಾಶಯರಿಗೆ ಗುರುಗಳು ಅಲ್ಲಿದ್ದಾರೆ.

ನಮ್ಮಲ್ಲಿ ದಂಡದ ಭಯ ಇಲ್ಲ. ಹಿಟ್ಲರನ ಆತ್ಮಕಥೆ ಫುಟ್‌ಪಾತಿನಲ್ಲಿ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕದಲ್ಲಿ ಬಿದ್ದಿರುತ್ತದೆ. 2021ರಲ್ಲಿ ಜೀ ಕನ್ನಡದಲ್ಲಿ 'ಹಿಟ್ಲರ್ ಕಲ್ಯಾಣ' ಶುರುವಾಯಿತು, ಮನೆಮಂದಿಯೆಲ್ಲ ಕೂತು ನೋಡಿದರು. ಲಕ್ಷಾಂತರ ಜನರನ್ನು ಗ್ಯಾಸಿಗೆ ಹಾಕಿ ಕೊಂದವನ ಹೆಸರು ನಮಗೆ ಸ್ವಲ್ಪ ಶಿಸ್ತಿನ ಅಳಿಯನ ಹೆಸರು.

ನಕಲಿನ ಕಥೆ ಇನ್ನೂ ಚೆಂದ. ಯುದ್ಧ ಮುಗಿದ ಮೇಲೆ ಉಳಿದ ಬಿಡಿಭಾಗ ಜೋಡಿಸಿ ಮಾರಿದವರಿದ್ದಾರೆ. ಹೊಸದಾಗಿ ಬಡಿದು, ತುಕ್ಕು ಹಿಡಿಸಿ, 'ಸೈನಿಕರ ಮನೆಯಿಂದ ಬಂದದ್ದು' ಎಂದು ಕಥೆ ಅಂಟಿಸಿ ಮಾರುವವರಿದ್ದಾರೆ. ನಮ್ಮ ದೇಶದಲ್ಲೂ ನಕಲು ತಯಾರಾಗುತ್ತದೆ. ಇಲ್ಲಿಂದ ಹೋದ ಮಾಲು ವಿದೇಶ ಸುತ್ತಿ, ನೂರು ಪಟ್ಟು ಬೆಲೆ ಏರಿಸಿಕೊಂಡು ಗೋಕಾಕಕ್ಕೇ ವಾಪಸು ಬಂದರೂ ಆಶ್ಚರ್ಯವಿಲ್ಲ.

ಗೋಕಾಕದ ಜೀನಗಾರರೂ ನಕಲು ಮಾಡಿದವರೇ. ಮರದಲ್ಲಿ ಬಾಳೆಹಣ್ಣು, ಮಾವಿನಹಣ್ಣು, ಬದನೆಕಾಯಿ. ಕೈ ಹಾಕಿ ನೋಡಿದ ಮೇಲೇ ಮರ ಎಂದು ಗೊತ್ತಾಗಬೇಕು, ಅಂಥ ಕೆಲಸ. ಮರದ್ದು ಎಂದು ಹೇಳಿಯೇ ಮಾರಿದರು. ಈಗ ಆ ಕಸುಬು ಮಾಡುವ ಮನೆಗಳನ್ನು ಹುಡುಕಿಕೊಂಡು ಹೋಗಬೇಕು. ಆ ಹಣ್ಣಿಗೆ ಐವತ್ತು ರೂಪಾಯಿ ಚೌಕಾಶಿ ಮಾಡುವ ಕೈಯೇ ಜರ್ಮನ್ ಕಠಾರಿಗೆ ಕೇಳಿದಷ್ಟು ಎಣಿಸುತ್ತದೆ.

ಕಾನೂನು ಏನು ಹೇಳುತ್ತದೆ? ಆಯುಧ ನಿಯಮಗಳಲ್ಲಿ ಒಂಬತ್ತು ಇಂಚಿಗಿಂತ ಉದ್ದದ ಅಲಗಿನ ಮಾತು ಬರುತ್ತದೆ. ಸರ್ಕಾರ ಅಧಿಸೂಚನೆ ಹೊರಡಿಸಿದ ಕಡೆ ಅಂಥದಕ್ಕೆ ಲೈಸೆನ್ಸು ಬೇಕು. ಎಸ್‌ಎ ಕಠಾರಿಯ ಅಲಗು ಹತ್ತಿರತ್ತಿರ ಎಂಟೂಮುಕ್ಕಾಲು ಇಂಚು. ಮಹಾಶಯರು ಸ್ಕೇಲು ಹಿಡಿದು ಅಳೆದು ತೋರಿಸಿದರು. "ಲೀಗಲ್ ಐತಿ ನೋಡ್ರಿ." ಕಾಲು ಇಂಚಿನಲ್ಲಿ ಸಭ್ಯಸ್ಥರು. ಅದಕ್ಕೆ ನೂರು ವರ್ಷವಾಗದ ಕಾರಣ 1972ರ ಪುರಾತನ ವಸ್ತುಗಳ ಕಾಯ್ದೆಗೂ ಅದು ಇನ್ನೂ ಎಳೆಯ ಕೂಸು.

ಇದೇ ಮಹಾಶಯರ ಹೊಲದಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರ ಕೊಯ್ತಾ ಇದೆ. ಅದರ ಹಿಡಿಕೆ ಸಡಿಲಾದರೆ ಕಂಬಾರನಿಗೆ ಕೊಡಬೇಕಾದ ಕಾಸಿಗೂ ಮಹಾಶಯರ ಹತ್ತಿರ ಚಿಲ್ಲರೆ ಇರುವುದಿಲ್ಲ. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ಕೂತಿದ್ದಾಗ ಇವರು ಬಂದು ಸೆಲ್ಫಿ ತೆಗೆದುಕೊಂಡು ಹೋದರು. ಅದೂ ಹಿಸ್ಟರಿಯೇ ಇರಬೇಕು.

ಬೆಳಗಾವಿಯ ಮರಾಠಾ ರೆಜಿಮೆಂಟಿನ ಪಲ್ಟನ್ನುಗಳು ಇಟಲಿಯಲ್ಲಿ ಜರ್ಮನ್ನರ ಎದುರು ನಿಂತಿದ್ದವು. 1944ರಲ್ಲಿ ಯಶವಂತ ಘಾಡ್ಗೆ, 1945ರಲ್ಲಿ ನಾಮದೇವ ಜಾಧವ, ಇಬ್ಬರಿಗೂ ವಿಕ್ಟೋರಿಯಾ ಕ್ರಾಸ್. ಘಾಡ್ಗೆ ಅದನ್ನು ನೋಡಲು ಬದುಕಿರಲಿಲ್ಲ. ಈ ಎರಡು ಹೆಸರು ಹೇಳಿದಾಗ ಮಹಾಶಯರು ಫೋನು ನೋಡುತ್ತಿದ್ದರು.

ಮೂಡಲಗಿಯಿಂದ ಮುಧೋಳದ ಕಡೆ ಹೊರಟರೆ ಹಲಗಲಿ. 1857ರಲ್ಲಿ ಆಯುಧ ಒಪ್ಪಿಸಿ ಎಂದ ಕಂಪನಿ ಸರ್ಕಾರಕ್ಕೆ ಅಲ್ಲಿನ ಬೇಡರು ಒಲ್ಲೆ ಎಂದರು. ದಂಡು ಬಂತು, ಊರು ಸುಟ್ಟಿತು, ಹಿಡಿದವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಆಯುಧದ ಇತಿಹಾಸ ಬೇಕಿದ್ದವರಿಗೆ ದೂರದ ದಾರಿಯೇನಲ್ಲ. ಮಹಾಶಯರು ಹೋಗಿಲ್ಲ. ಕೊಣ್ಣೂರಿನ ಬೃಹತ್ ಶಿಲಾ ಗೋರಿಗಳಿಗೂ ಹೋಗಿಲ್ಲ. ಹುಕ್ಕೇರಿಯ ಆದಿಲ್‌ಶಾಹಿ ಗುಮ್ಮಟಗಳ ಪಕ್ಕದಲ್ಲಿ ಕಾರು ನಿಲ್ಲಿಸಿದ್ದಾರೆ, ನೆರಳಿಗೆ.

ವಿಜಯ ಮಲ್ಯ ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನ ಕತ್ತಿ ಕೊಂಡಾಗ ನಾಡಿಗೆ ನಾಡೇ ಚಪ್ಪಾಳೆ ತಟ್ಟಿತ್ತು. ಆಮೇಲೆ ಅದು ಅಪಶಕುನವೆಂದು ಮನೆಯವರು ಹೇಳಿದ್ದರಿಂದ ಯಾರಿಗೋ ಕೊಟ್ಟುಬಿಟ್ಟರೆಂದು ಲಂಡನ್ನಿನ ಕೋರ್ಟಿನಲ್ಲಿ ಹೇಳಿಕೆ ಬಂತು. ಸಾಲ ಕೊಟ್ಟ ಬ್ಯಾಂಕುಗಳಿಗೆ ಮಾತ್ರ ಶಕುನ ನೋಡುವ ಅವಕಾಶ ಸಿಗಲಿಲ್ಲ.

ಖಂಡೆ ಪೂಜೆ ಬಂತು. ಮಹಾಶಯರ ಪಡಸಾಲೆಯಲ್ಲಿ ಕೊಯ್ತಾ, ಕೊಡಲಿ, ಕುಡಗೋಲು, ಟ್ರ್ಯಾಕ್ಟರಿನ ಪಾನಾ, ಲೈಸೆನ್ಸಿನ ಬಂದೂಕು, ಎಲ್ಲ ಸಾಲಾಗಿ ಇಟ್ಟಿತ್ತು. ಕೊನೆಗೆ ಮಖಮಲ್ಲಿನ ಪೆಟ್ಟಿಗೆ. ಅವರ ಮನೆಯವರು ಒಂದೊಂದಕ್ಕೂ ಅರಿಷಿಣ, ಕುಂಕುಮ ಹಚ್ಚುತ್ತ ಪೆಟ್ಟಿಗೆಯ ಹತ್ತಿರ ಬಂದರು. ಮಹಾಶಯರು ಕೂತಲ್ಲಿಂದ ಹಾರಿ ಬಂದು ಕೈ ಹಿಡಿದರು.

"ಏ, ಅದಕ್ಕ ಹಚ್ಚಬ್ಯಾಡ. ರೇಟ್ ಬೀಳತೈತಿ."