ಅಗ್ಗದ ಟಿಕೆಟ್ಟಿನ ಪಂಡಿತ

ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್ ನಗರದಲ್ಲಿ ಚಳಿಗಾಲ ಸಮೀಪಿಸಿದಂತೆ ಹೆಚ್ಚಾಗಿ ಕಾಣಸಿಗುವ ಮನುಷ್ಯ ಪ್ರಭೇದಗಳಲ್ಲಿ ಅಗ್ಗದ ಟಿಕೆಟ್ಟಿನ ಪಂಡಿತನದು ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದುದು. ಕಾಲಿಗೆ ಉದ್ದನೆಯ ಪಟ್ಟಿಗಳನ್ನು ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀ ಆಟದಲ್ಲಿ ಕೆಳಗಿಳಿಸುವ ಕೆಲಸವನ್ನು ಗುರುತ್ವಾಕರ್ಷಣೆಯು ಬಿಟ್ಟಿಯಾಗಿಯೇ ಮಾಡಿಕೊಡುತ್ತದೆ. ಮೇಲೇರಿಸುವುದಕ್ಕೆ ಮಾತ್ರ ಉಕ್ಕಿನ ಹಗ್ಗಕ್ಕೆ ತೂಗುಬಿಟ್ಟ ಕುರ್ಚಿಗಳು ಬೇಕು, ಅವುಗಳಲ್ಲಿ ದಿನವಿಡೀ ಕೂತೇರುವ ಹಕ್ಕಿನ ಚೀಟಿಯೇ ಲಿಫ್ಟ್ ಟಿಕೆಟ್. 1936ರಲ್ಲಿ ಐಡಹೊ ರಾಜ್ಯದ ಸನ್ ವ್ಯಾಲಿಯಲ್ಲಿ ಮೊದಲು ಬಳಕೆಗೆ ಬಂದ ಈ ಕುರ್ಚಿಗಳ ಏರ್ಪಾಡನ್ನು ರೈಲ್ವೆ ಎಂಜಿನಿಯರ್ ಜೇಮ್ಸ್ ಕರನ್ ರೂಪಿಸಿದ್ದು ಹಡಗಿಗೆ ಬಾಳೆಗೊನೆ ಏರಿಸುವ ಯಂತ್ರದ ಮಾದರಿಯಲ್ಲಿ. ಬಾಳೆಗೊನೆಯೇನೋ ತನ್ನ ಸಾಗಾಟದ ಖರ್ಚನ್ನು ತಾನು ಕೊಡಬೇಕಾಗಿರಲಿಲ್ಲ. ವೇಲ್‌ನಂಥ ದೊಡ್ಡ ತಾಣದಲ್ಲಿ ಜನಸಂದಣಿಯ ದಿನ ಕೌಂಟರಿಗೆ ಹೋದ ಮನುಷ್ಯ ಒಂದು ದಿನಕ್ಕೆ 300 ಡಾಲರಿಗೂ ಹೆಚ್ಚು ತೆರಬೇಕು.

ಈ ದರವನ್ನು ಇಟ್ಟಿರುವುದೇ ಹೆದರಿಸುವುದಕ್ಕೆ ಎಂಬುದು ಪಂಡಿತನ ಮೂಲ ಸಿದ್ಧಾಂತ, ಮತ್ತು ಅದನ್ನು ಅಲ್ಲಗಳೆಯುವುದು ಕಷ್ಟ. ಹಿಮ ಬೀಳುವುದೋ ಇಲ್ಲವೋ ತಿಳಿಯುವ ಮೊದಲೇ ಜನರ ಹಣ ಕೈಸೇರಲೆಂದು ಕಂಪನಿಗಳು ಮುಂದಿನ ಋತುವಿನ ಪಾಸುಗಳನ್ನು ಹಿಂದಿನ ವಸಂತದಿಂದಲೇ ಮಾರತೊಡಗುತ್ತವೆ: 2008ರಲ್ಲಿ ಎಪಿಕ್, 2018ರಲ್ಲಿ ಐಕಾನ್, ಮರುವರ್ಷ ಚಿಕ್ಕ ಸ್ವತಂತ್ರ ಬೆಟ್ಟಗಳಲ್ಲಿ ತಲಾ ಎರಡು ದಿನ ಜಾರಗೊಡುವ ಇಂಡಿ. ಅಗ್ಗದ ಪಾಸುಗಳು ನಡೆಯದ, ಕ್ರಿಸ್‌ಮಸ್ ವಾರದಂಥ ನಿಷಿದ್ಧ ದಿನಗಳು ಪಂಡಿತನಿಗೆ ಕಂಠಪಾಠವಾಗಿದ್ದು, ಬಂಧುಗಳು ಮದುವೆಯನ್ನು ಆ ದಿನಗಳಲ್ಲಿ ಇಟ್ಟುಕೊಂಡರೆ ಮಾತ್ರ ಅವನು ಹಾಜರಾಗುತ್ತಾನೆ. ಪಾಸುದಾರರಿಗೆ ಸ್ನೇಹಿತರಿಗಾಗಿ ಕೆಲವು ರಿಯಾಯಿತಿ ಟಿಕೆಟ್ಟುಗಳು ದೊರೆಯುವುದರಿಂದ ಅವನ ಸ್ನೇಹಗಳು ಅಕ್ಟೋಬರಿನಲ್ಲಿ ಚಿಗುರಿ ಏಪ್ರಿಲ್‌ನಲ್ಲಿ ಬಾಡುತ್ತವೆ.

ಬೆಟ್ಟವನ್ನು ಆರಿಸುವಾಗ ಅವನು ಹಿಮದ ಆಳಕ್ಕಿಂತ ಮೊದಲು ವಿಚಾರಿಸುವುದು ವಾಹನ ನಿಲುಗಡೆಯ ಶುಲ್ಕವನ್ನು. ಹೆದ್ದಾರಿಯ ಐಸೆನ್‌ಹೋವರ್ ಸುರಂಗದ ನೆತ್ತಿಯ ಮೇಲೆಯೇ ಇರುವ ಲವ್‌ಲ್ಯಾಂಡ್ ಅವನಿಗೆ ಪುಣ್ಯಕ್ಷೇತ್ರ. ಅದರ ತಪ್ಪಲಿನಲ್ಲಿ ಹೋಟೆಲುಗಳಾಗಲಿ ಶೋಕಿಯ ಅಂಗಡಿಬೀದಿಯಾಗಲಿ ಇಲ್ಲದಿರುವುದನ್ನು ಅವನು ನೈತಿಕ ಗುಣವೆಂಬಂತೆ ಹೊಗಳುತ್ತಾನೆ. ಟಿಕೆಟ್ಟಿನಲ್ಲಿ ಉಳಿಸಲು ಸುಮಾರು 400 ಕಿಲೋಮೀಟರ್ ದೂರದ ವುಲ್ಫ್ ಕ್ರೀಕ್‌ವರೆಗೂ ಕಾರು ಓಡಿಸುತ್ತಾನೆ, ಏಕೆಂದರೆ ಅವನ ಅರ್ಥಶಾಸ್ತ್ರದಲ್ಲಿ ಪೆಟ್ರೋಲಿನದು ಬೇರೆ ಖಾತೆ. ಮಧ್ಯಾಹ್ನ ಎಲ್ಲರೂ ಬೆಚ್ಚನೆಯ ಉಪಾಹಾರಗೃಹದಲ್ಲಿ ಕುಳಿತಿರುವಾಗ ಅವನು ಕಾರಿನ ಡಿಕ್ಕಿ ತೆರೆದು, ಚಳಿಗೆ ಸೆಟೆದ ಸ್ಯಾಂಡ್‌ವಿಚ್ಚನ್ನು ಜಗಿಯುತ್ತ, ಒಳಗಿನವರು ತೆತ್ತಿರಬಹುದಾದ ಬಿಲ್ಲನ್ನು ಅಂದಾಜಿಸುತ್ತಾನೆ. ಸ್ಕೀಯಿಂದ ಸಿಗದ ಒಂದು ತೃಪ್ತಿ ಈ ಅಂದಾಜಿನಿಂದ ಅವನಿಗೆ ಸಿಗುವಂತೆ ತೋರುತ್ತದೆ. ಜಾರುವುದರಲ್ಲಿ ಅವನು ಸಾಧಾರಣ.

ಆದರೂ ಅವನ ಉಪದೇಶದಲ್ಲಿ ಹುರುಳಿದೆ. ಟಿಕೆಟ್ಟನ್ನು ಬೆಟ್ಟದ ಕೌಂಟರಿನಲ್ಲಿ ಕೊಳ್ಳದೆ ಮೊದಲೇ ಕೊಳ್ಳಬೇಕು, ಶನಿವಾರ ಭಾನುವಾರಗಳನ್ನು ಬಿಡಬೇಕು, ಹೊಸದಾಗಿ ಕಲಿಯುವವರು ಚಿಕ್ಕ ಬೆಟ್ಟಕ್ಕೇ ಹೋಗಬೇಕು. ಓದುಗರು ಇಷ್ಟನ್ನು ಅವನಿಂದ ಕೇಳಿ ತಿಳಿದುಕೊಳ್ಳಬಹುದು. ಅವನ ಕಾರಿನಲ್ಲಿ ಮಾತ್ರ ಹೋಗದಿರುವುದು ಲೇಸು.