ಕಲ್ಲು ಸೋರಲ್ಲ ಸಾರ್!

ಹೊಳಲ್ಕೆರೆ ಸೀಮೆಯ ತೋಟದವರಿಗೆ ಎರಡು ಚಟ. ಒಂದು ಎಲೆ-ಅಡಿಕೆ, ಇನ್ನೊಂದು ಹಳೇ ಲಾರಿ. ಮೊದಲನೆಯದನ್ನು ಬೇಡವೆನಿಸಿದಾಗ ಉಗಿಯಬಹುದು. ಎರಡನೆಯದನ್ನು ಉಗಿಯಲೂ ಆಗದು, ನುಂಗಲೂ ಆಗದು. ನನ್ನ ಮಿನಿ ಲಾರಿ ಎಷ್ಟು ಹಳೆಯದೆಂದರೆ ಅದರ ಆರ್‌ಸಿ ಬುಕ್ಕು ನಿಜವಾಗಿಯೂ ಬುಕ್ಕೇ. ಕಂಪನಿ ಹೆಸರು ಬೇಡ. ತಪ್ಪು ಅವರದಲ್ಲ, ಒಂಬತ್ತು ವರ್ಷ ಹ್ಯಾಂಡ್‌ಬ್ರೇಕ್ ಕೇಬಲ್ ಬದಲಿಸದೆ ಓಡಿಸಿದ ಈ ಮಹಾನುಭಾವನದು.

ಆ ಹ್ಯಾಂಡ್‌ಬ್ರೇಕ್ ಎಳೆದರೆ ನನ್ನ ತೋಳಿಗೆ ವ್ಯಾಯಾಮವಾಗುತ್ತಿತ್ತೇ ಹೊರತು ಗಾಲಿಗೆ ಸುದ್ದಿ ಮುಟ್ಟುತ್ತಿರಲಿಲ್ಲ. ಆದರೂ ಲಾರಿ ಎಲ್ಲೂ ಉರುಳಿರಲಿಲ್ಲ. ಕಾರಣ, ನಮ್ಮ ಕ್ಲೀನರ್ ಹುಡುಗನ ಕಲ್ಲು. ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಮಗ್ಗುಲು ಇಳಿಜಾರು, ನಡುವೆ ಟೈರು ಉಜ್ಜಿ ಉಜ್ಜಿ ಮೂಡಿದ ಕಪ್ಪು ಪಟ್ಟೆ. ನಾನು ಬ್ರೇಕ್ ಒತ್ತುವುದು, ಹುಡುಗ ಕಲ್ಲು ಹಿಡಿದು ಜಿಗಿಯುವುದು, ಹಿಂದಿನ ಗಾಲಿಗೆ ಕಲ್ಲು ಕೊಟ್ಟು ಬಾಡಿಗೆ ಎರಡೇಟು ಬಡಿಯುವುದು: ಇದು ನಮ್ಮ ನಿತ್ಯಪೂಜೆ.

ನನಗೆ ಇದೊಂದು ಅವಮಾನ. ಕಲ್ಯಾಣ ಮಂಟಪದ ಮುಂದೆ ಬೀಗರ ಎದುರಿಗೆ ಲಾರಿ ನಿಲ್ಲಿಸಿದಾಗಲೂ ಹುಡುಗ “ಕಲ್ಲು ಕೊಟ್ಟೆ ಸಾರ್!” ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ.

ಹಿರಿಯೂರಿನ ಗ್ಯಾರೇಜೊಂದರಲ್ಲಿ ಗ್ರೀಸ್ ಹೊಡೆಸುವಾಗ ನನ್ನ ಗೋಳು ಕೇಳಿದ ಮೇಸ್ತ್ರಿ, ಗುಜರಿಗೆ ಹೋದ ಕ್ರೇನಿನಿಂದ ಬಿಚ್ಚಿದ ಹಿತ್ತಾಳೆ ವಾಲ್ವೊಂದನ್ನು ಹೊರತೆಗೆದ. ಮುಷ್ಟಿ ಗಾತ್ರ, ಮೇಲೊಂದು ಪುಟ್ಟ ಹಿಡಿಕೆ. “ಹೈಡ್ರಾಲಿಕ್ ಬ್ರೇಕ್ ಲಾಕು” ಎಂದ.

ಹೆಸರಿಗೇ ನಾನು ಅರ್ಧ ಸೋತೆ. ಉಳಿದರ್ಧ ವಿವರಣೆಗೆ. ಪೆಡಲ್ ಒತ್ತಿದರೆ ಮಾಸ್ಟರ್ ಸಿಲಿಂಡರಿನಿಂದ ಬ್ರೇಕ್ ಆಯಿಲ್ ಪೈಪಿನಲ್ಲಿ ಓಡಿ, ಗಾಲಿಯ ಸಿಲಿಂಡರಿಗೆ ಹೋಗಿ, ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಕಾಲು ತೆಗೆದರೆ ಆಯಿಲ್ ವಾಪಸ್. ಈ ವಾಲ್ವು ಪೈಪಿನ ನಡುವೆ ಕೂತು, ಹೋಗುವ ಆಯಿಲಿಗೆ ದಾರಿ ಬಿಟ್ಟು, ಬರುವ ಆಯಿಲಿಗೆ ಬಾಗಿಲು ಹಾಕುತ್ತದೆ. ಪೆಡಲ್ ಒತ್ತು, ಹಿಡಿಕೆ ತಿರುಗಿಸು, ಕಾಲು ತೆಗೆ. ಬ್ರೇಕು ಹಿಡಿದಂತೆಯೇ ಇರುತ್ತದೆ. 17ನೇ ಶತಮಾನದ ಫ್ರಾನ್ಸಿನ ಪ್ಯಾಸ್ಕಲ್, ಮುಚ್ಚಿಟ್ಟ ದ್ರವದ ಮೇಲೆ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ ಎಂದು ಕಂಡುಕೊಂಡಿದ್ದು ನನ್ನ ಲಾರಿಗಾಗಿಯೇ ಇರಬೇಕು ಅನ್ನಿಸಿತು.

ಮೇಸ್ತ್ರಿ ಇನ್ನೂ ಒಂದು ಮಾತು ಹೇಳಿದ. “ಇದು ಹ್ಯಾಂಡ್‌ಬ್ರೇಕ್ ಜತೆಗೆ ಸಾರ್, ಅದರ ಬದಲಿಗಲ್ಲ. ಐದು-ಹತ್ತು ನಿಮಿಷದ ಕೆಲಸಕ್ಕೆ. ಮೊದಲು ಕೇಬಲ್ ಹಾಕಿಸಿ.” ಅಷ್ಟರಲ್ಲಿ ನಾನು ಹಿಡಿಕೆ ತಿರುಗಿಸಿ ನೋಡುವುದರಲ್ಲಿ ಮಗ್ನನಾಗಿದ್ದೆ. ಲಾಕ್ ಹಾಕಿಸಿಯೇ ಬಿಟ್ಟೆ. ಹೊಸ ಕೇಬಲಿಗೆ ಅದಕ್ಕೆ ಕೊಟ್ಟ ದುಡ್ಡಿನ ಕಾಲು ಭಾಗ ಸಾಕಿತ್ತು.

ಹೊಸದುರ್ಗಕ್ಕೆ ತೆಂಗಿನಕಾಯಿ ಲೋಡಿಗೆ ಹೊರಟವನು ಮಾರಿಕಣಿವೆಯಲ್ಲಿ ಲಾರಿ ನಿಲ್ಲಿಸಿದೆ. ಕಣಿವೆ ಮಾರಮ್ಮನಿಗೆ ಕಾಯಿ ಒಡೆಸಿ, ಹೊಸ ಲಾಕಿಗೆ ಕುಂಕುಮ ಹಚ್ಚಿ, ಹುಡುಗನ ಕೈಯಿಂದ ಕಲ್ಲು ಕಿತ್ತುಕೊಂಡೆ. “ಇವತ್ತಿಗೆ ಇದಕ್ಕೆ ರಿಟೈರ್‌ಮೆಂಟು” ಎಂದು ಪೊದೆಗೆ ಎಸೆದೆ.

ಹುಡುಗನ ಮುಖ ಬಾಡಿತು. “ಆಯಿಲ್ ಸೋರುತ್ತೆ. ಕಲ್ಲು ಸೋರಲ್ಲ ಸಾರ್.”

“ಅಲ್ಲಿ ನೋಡೋ” ಎಂದು ವಾಣಿ ವಿಲಾಸ ಸಾಗರದ ಕಟ್ಟೆ ತೋರಿಸಿ ಉಪನ್ಯಾಸ ಶುರು ಮಾಡಿದೆ. “1907ರಲ್ಲಿ ಮುಗಿದ ಕಟ್ಟೆ. 30 ಟಿಎಂಸಿ ನೀರು ಹಿಡಿಯುತ್ತೆ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲೇ. ಒತ್ತಡ ಹಿಡಿದಿಡೋದು ಅಂದ್ರೆ ಹೀಗೆ!”

“ಅದೂ ಕಲ್ಲಿಂದೇ ಅಲ್ವಾ ಸಾರ್?” ಎಂದ. ಅಧಿಕಪ್ರಸಂಗಿ ಎಂದು ಬೈದು ಗಾಡಿ ಹತ್ತಿಸಿದೆ.

ಹೊಸದುರ್ಗದಲ್ಲಿ ಲೋಡಾಗುವವರೆಗೆ ಬಂದವರಿಗೆಲ್ಲ ಲಾಕ್ ತೋರಿಸಿದೆ. ಟೀ ಅಂಗಡಿಯವನಿಗೆ ಎರಡು ಸಲ. ಲೋಡ್ ಮುಗಿದು ಹೊರಟಾಗ ಲಾರಿ ಯಾಕೋ ಮುನಿದ ಎತ್ತಿನಂತೆ ನಡೆಯಿತು. ಕಾಯಿ ಭಾರ ಎಂದುಕೊಂಡೆ. ಎರಡನೇ ಗೇರಿನಲ್ಲೇ ಏದುಸಿರು. ಹೊಳಲ್ಕೆರೆ ತಲುಪುವ ಹೊತ್ತಿಗೆ ಹಿಂದಿನ ಗಾಲಿಗಳಿಂದ ದಟ್ಟ ಹೊಗೆ. ಬಯಲು ಗಣಪತಿಯ ಊರಲ್ಲವೇ, ದಾರಿಯಲ್ಲಿ ಒಬ್ಬ ಅಜ್ಜ ಧೂಪವೆಂದು ತಿಳಿದು ಕೈ ಮುಗಿದ.

ಲಾಕ್ ಬಿಚ್ಚುವುದನ್ನೇ ಮರೆತಿದ್ದೆ. ಪರದೇಶದ ಡ್ರ್ಯಾಗ್ ರೇಸುಗಳಲ್ಲಿ ಇಂಥದೇ ಲಾಕಿನಿಂದ ಮುಂದಿನ ಗಾಲಿ ಹಿಡಿದು, ಹಿಂದಿನ ಗಾಲಿಗಳನ್ನು ನಿಂತಲ್ಲೇ ತಿರುಗಿಸಿ ಹೊಗೆ ಎಬ್ಬಿಸುತ್ತಾರೆ. ನಾನು ತೆಂಗಿನಕಾಯಿ ಹೇರಿಕೊಂಡು ಅದನ್ನು ಸಾಧಿಸಿದ್ದೆ.

ಆಗಲಾದರೂ ನನ್ನ ತಲೆಗೆ ಒಂದು ಪ್ರಶ್ನೆ ಹೊಳೆಯಬೇಕಿತ್ತು. ಲಾಕ್ ಬಿಗಿಯಾಗಿ ಹಿಡಿದಿದ್ದರೆ ಲಾರಿ ಹೊಸದುರ್ಗದಿಂದ ಕದಲಿದ್ದಾದರೂ ಹೇಗೆ? ಕದಲಿದೆ ಎಂದರೆ ಅರ್ಧ ಒತ್ತಡ ಆಗಲೇ ಸೋರಿದೆ. ಈ ಜ್ಞಾನೋದಯಕ್ಕೆ ನಾನು ಚಿತ್ರದುರ್ಗಕ್ಕೆ ಹೋಗಬೇಕಾಯಿತು.

ದುರ್ಗದಲ್ಲಿ ಕೋಟೆ ಕಡೆಗೆ ಏರುವ ರಸ್ತೆಯ ಪಕ್ಕ, ಮಂಡಕ್ಕಿ-ಮೆಣಸಿನಕಾಯಿ ಅಂಗಡಿ ಕಂಡು ನಿಲ್ಲಿಸಿದೆ. ಪೆಡಲ್ ಒತ್ತಿದೆ, ಹಿಡಿಕೆ ತಿರುಗಿಸಿದೆ. ಗೇರಿನಲ್ಲಿ ಬಿಡುವ ಅಭ್ಯಾಸವನ್ನೂ ಅಂದು ಬಿಟ್ಟೆ. ಲಾಕಿನ ಮೇಲೆ ಅಷ್ಟು ಭಕ್ತಿ. ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯನ್ನು ಲಾರಿಯ ಹಿಂಬದಿಯ ನೆರಳಿಗೇ ಎಳೆದುಕೊಂಡು ಕೂತೆ.

ಮೂರನೇ ಮೆಣಸಿನಕಾಯಿ ಕಚ್ಚುವಾಗ ನೆರಳು ನನ್ನತ್ತ ಬರುತ್ತಿರುವಂತೆ ಕಂಡಿತು. ಖಾರಕ್ಕೆ ಕಣ್ಣು ಮಂಜಾಯಿತೇನೋ ಎಂದುಕೊಂಡೆ. “ಸಾರ್, ಗಾಡಿ!” ಎಂದು ಹುಡುಗ ಕೂಗಿದ. ನೋಡಿದರೆ ನನ್ನ ಲಾರಿ ಹಿರಿಯೂರಿನ ತೇರುಮಲ್ಲೇಶ್ವರನ ತೇರಿನಂತೆ, ಯಾವ ಅವಸರವೂ ಇಲ್ಲದೆ, ಹಿಂದಕ್ಕೆ ಬಿಜಯಂಗೈಯುತ್ತಿದೆ.

ತಟ್ಟೆ ಒಂದು ಕಡೆ, ನಾನು ಒಂದು ಕಡೆ. “ಕಲ್ಲು! ಕಲ್ಲು ಕೊಡೋ!” ಎಂದು ಅರಚಿದೆ. “ಮಾರಿಕಣಿವೇಲಿ ಐತೆ ಸಾರ್!” ಎಂದು ಹುಡುಗನೂ ಅರಚಿದ. ಇಬ್ಬರೂ ಕಲ್ಲು ಹುಡುಕಿ ಓಡಾಡಿದೆವು. ಏಳು ಸುತ್ತಿನ ಕಲ್ಲಿನ ಕೋಟೆ ಇರುವ ಊರಿನಲ್ಲಿ ಕೈಗೆ ಸಿಗುವಂಥ ಒಂದು ಕಲ್ಲಿಲ್ಲ! ಕಂಡದ್ದು ಒಂದೋ ಆನೆ ಗಾತ್ರ, ಇಲ್ಲವೇ ಗೋಲಿ ಗಾತ್ರ. ಅಷ್ಟರಲ್ಲಿ ಲಾರಿ ನಾನು ಕೂತಿದ್ದ ಕುರ್ಚಿಯನ್ನು ಪಟಪಟನೆ ಹಪ್ಪಳ ಮಾಡಿತು.

ಆಗ ಅಂಗಡಿಯ ಅಜ್ಜಿ ಎದ್ದಳು. ಜಾಲರಿ ಸೌಟನ್ನು ಬಾಣಲೆಯಲ್ಲೇ ಬಿಟ್ಟು, ಮೂಲೆಯಲ್ಲಿದ್ದ ರುಬ್ಬುಗುಂಡನ್ನು ಎರಡೂ ಕೈಯಲ್ಲಿ ಎತ್ತಿ ತಂದು ಹಿಂದಿನ ಗಾಲಿಗೆ ಕೊಟ್ಟಳು. ಲಾರಿ ಒಮ್ಮೆ ಗುಂಡಿನ ಮೇಲೆ ಏರಲು ನೋಡಿ, ಕಿರ್ ಎಂದು ನಿಂತಿತು. ಒನಕೆ ಓಬವ್ವನ ಊರಿನಲ್ಲಿ ಇಷ್ಟನ್ನಾದರೂ ನಾನು ನಿರೀಕ್ಷಿಸಬೇಕಿತ್ತು.

ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು, ಮೇಲಿಂದ ಕೆಳಗೆ ನನ್ನನ್ನು ನೋಡಿ, “ಕಲ್ಲಿಲ್ದೆ ದುರ್ಗಕ್ಕೆ ಬಂದ್ಯೇನಪ್ಪಾ?” ಎಂದಳು. ಕುರ್ಚಿಯ ದುಡ್ಡು, ಮೆಣಸಿನಕಾಯಿಯ ದುಡ್ಡು ಎಣಿಸಿ ತೆಗೆದುಕೊಂಡಳು. ಬುದ್ಧಿಮಾತಿಗೆ ದುಡ್ಡು ಹಿಡಿಯಲಿಲ್ಲ.

ಲಾರಿಯನ್ನು ವಾಪಸ್ ಹಿರಿಯೂರಿಗೆ ಒಯ್ದಾಗ ಮೇಸ್ತ್ರಿ ಡ್ರಮ್ ಬಿಚ್ಚಿ, ಗಾಲಿ ಸಿಲಿಂಡರಿನೊಳಗಿನ ರಬ್ಬರ್ ಕಪ್ಪನ್ನು ನನ್ನ ಅಂಗೈಗಿಟ್ಟ. ಬಾಟಲಿ ಮುಚ್ಚಳದಷ್ಟಿದ್ದ ಆ ಕಪ್ಪಿನ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು. “ಆಯಿಲ್ ಸ್ಪಂಜಿನ ಹಾಗಲ್ಲ ಸಾರ್, ಒತ್ತಿದ್ರೆ ಕುಗ್ಗೋದೇ ಇಲ್ಲ ಅನ್ನಬಹುದು. ಅದಕ್ಕೇ ಗಟ್ಟಿ ಹಿಡಿಯುತ್ತೆ, ಅದಕ್ಕೇ ನಾಲ್ಕು ಹನಿ ಹೋದ್ರೆ ಒತ್ತಡ ಪೂರ್ತಿ ಹೋಗುತ್ತೆ. ಸಾಲದ್ದಕ್ಕೆ ನೀವು ಹೊಗೆ ಬರೋ ಹಾಗೆ ಕಾಯಿಸಿದ್ರಿ. ಬಿಸಿ ಆಯಿಲ್ ಆರಿದ್ರೆ ಕುಗ್ಗುತ್ತೆ. ಲಾಕ್ ಇನ್ನೇನು ಹಿಡಿಯುತ್ತೆ?” ಏಳು ಸುತ್ತಿನ ಕೋಟೆಗೂ ಶತ್ರು ನುಗ್ಗಲು ಒಂದು ಕಿಂಡಿ ಸಾಕಾಗಿತ್ತು. ನನ್ನ ಲಾರಿಗೆ ಈ ಸೀಳು.

ಈಗ ಹೊಸ ಕೇಬಲ್ ಬಿದ್ದಿದೆ, ಕಪ್ಪುಗಳೂ ಆಯಿಲೂ ಹೊಸವು. ಲಾಕ್ ಇನ್ನೂ ಇದೆ. ನಾನು ಸೀಟಿನಲ್ಲಿದ್ದು ಎರಡು ನಿಮಿಷ ಕಾಯುವಾಗ ಮಾತ್ರ ಅದರ ಸೇವೆ. ಹುಡುಗ ಮಾರಿಕಣಿವೆಯ ಪೊದೆಯಲ್ಲಿ ಅರ್ಧ ದಿನ ಹುಡುಕಿ ತನ್ನ ಹಳೇ ಕಲ್ಲನ್ನೇ ತಂದ. ಅದರ ಮೇಲೆ ಅವನೇ ಕುಂಕುಮ ಹಚ್ಚಿದ, ನಾನು ಸುಮ್ಮನಿದ್ದೆ.

ಹಳೇ ಗಾಡಿ ಇಟ್ಟವರಿಗೆ ನನ್ನದೊಂದೇ ಮಾತು. ಬ್ರೇಕ್ ಲಾಕ್ ಬೇಕಾದರೆ ಹಾಕಿಸಿಕೊಳ್ಳಿ. ಆದರೆ ಇಳಿಯುವ ಮುನ್ನ ಹ್ಯಾಂಡ್‌ಬ್ರೇಕ್ ಎಳೆಯಿರಿ, ಗೇರಿನಲ್ಲಿ ಬಿಡಿ, ಗಾಲಿಗೆ ಕಲ್ಲು ಕೊಡಿ. ಮೆಣಸಿನಕಾಯಿಯನ್ನು ಮಾತ್ರ ಲಾರಿಯ ಹಿಂದೆ ಕೂತು ತಿನ್ನಬೇಡಿ.