ಚಾರಣಾಚಾರ್ಯರು

ಊರೆಂದ ಮೇಲೆ ಒಬ್ಬ ಚಾರಣಾಚಾರ್ಯರು ಇದ್ದೇ ಇರುತ್ತಾರೆ. ಕೋಲಾರದಂಥ ಬೆಟ್ಟದ ಬುಡದ ಊರಾದರೆ ವಾರ್ಡಿಗೊಬ್ಬರು. ವಯಸ್ಸು ಐವತ್ತರ ಆಚೀಚೆ. ಸಕ್ಕರೆ ಕಾಯಿಲೆ ಗೊತ್ತಾದ ದಿನ ಡಾಕ್ಟರು ‘ದಿನಾ ಸ್ವಲ್ಪ ನಡೀರಿ’ ಅಂದದ್ದು ಇವರ ಕಿವಿಗೆ ‘ಊರನ್ನೆಲ್ಲ ನಡೆಸಿ’ ಎಂದು ಬಿದ್ದಿರುತ್ತದೆ. ಯಾವುದೋ ಕಾಲದಲ್ಲಿ ಹಿಮಾಲಯದ ಯಾವುದೋ ಕಣಿವೆಗೆ ಹೋಗಿ ಬಂದಿರುತ್ತಾರೆ. ಅವರೇನೋ ಇಳಿದು ಬಂದರು, ಮಾತು ಇನ್ನೂ ಇಳಿದಿಲ್ಲ. ಮನೆಯಲ್ಲಿ ಕರೆಂಟು ಹೋದರೆ ‘ಬೇಸ್ ಕ್ಯಾಂಪಲ್ಲೂ ಹೀಗೇ’ ಅನ್ನುತ್ತಾರೆ. ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವವರಿಗೆ ‘ಅವಸರ ಬೇಡ, ದೇಹ ಎತ್ತರಕ್ಕೆ ಹೊಂದಿಕೊಳ್ಳಲಿ’ ಎಂದು ಸಮಾಧಾನ ಹೇಳುತ್ತಾರೆ.

ಯುಗಾದಿ ಕಳೆದು ಹೊಂಗೆ ಚಿಗುರಿತೆಂದರೆ ಆಚಾರ್ಯರ ವಾಟ್ಸಾಪ್ ಗ್ರೂಪೂ ಚಿಗುರುತ್ತದೆ. ‘ವಸಂತ ಚಾರಣ. ಅಂತರಗಂಗೆಯಿಂದ ತೇರಹಳ್ಳಿ. ಬೆಳಿಗ್ಗೆ 5.30 ಶಾರ್ಪ್.’ ಕೆಳಗೆ ಸಾಮಾನಿನ ಪಟ್ಟಿ: ಟಾರ್ಚು, ಸೀಟಿ, ಹಗ್ಗ, ಓಆರ್‌ಎಸ್, ರೈನ್‌ಕೋಟು. ಕೋಲಾರದ ಚೈತ್ರದಲ್ಲಿ ರೈನ್‌ಕೋಟು ತನ್ನಿ ಎನ್ನುವ ಧೈರ್ಯ ಹವಾಮಾನ ಇಲಾಖೆಗೂ ಇಲ್ಲ. ಅಂತರಗಂಗೆಯಾದರೋ ಊರಿಂದ ಮೂರು ನಾಲ್ಕು ಕಿಲೋಮೀಟರು. ನಮ್ಮ ಅಜ್ಜಿಯರು ಹೂವು ಹಣ್ಣಿನ ಬುಟ್ಟಿ ಹಿಡಿದು, ಬರಿಗಾಲಲ್ಲಿ ಮೆಟ್ಟಿಲು ಹತ್ತಿ, ಕಾಶಿ ವಿಶ್ವನಾಥನಿಗೆ ಕೈಮುಗಿದು, ಅಡುಗೆ ಹೊತ್ತಿಗೆ ಮನೆ ಸೇರುತ್ತಿದ್ದ ಜಾಗ ಅದು.

ಐದೂವರೆಗೆ ಆಚಾರ್ಯರು ಒಬ್ಬರೇ ಬೆಟ್ಟದ ಬುಡದಲ್ಲಿ ಸೀಟಿ ಊದುತ್ತಿರುತ್ತಾರೆ. ಆರಕ್ಕೆ ಕೋಲಾರದವರು ಟೊಮೆಟೊ ಬಾತಿನ ಡಬ್ಬಿ ಹಿಡಿದು ಬರುತ್ತಾರೆ. ಆರೂವರೆಗೆ ಶ್ರೀನಿವಾಸಪುರದವರು, ಜೊತೆಗೆ ಎಳೆ ಮಾವಿನಕಾಯಿ, ಉಪ್ಪು ಖಾರದ ಪೊಟ್ಟಣ. ಮುಳಬಾಗಿಲಿನವರು ದೋಸೆ ಕಟ್ಟಿಸಿಕೊಂಡೇ ಹೊರಡಬೇಕಾದ್ದರಿಂದ ತಡ. ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಮಾಲೂರಿನವರು ‘ರೈಲು ಲೇಟು ಸಾರ್’ ಅನ್ನುತ್ತಾ ಬೈಕಿನಿಂದ ಇಳಿಯುತ್ತಾರೆ. ಆಮೇಲೆ ಎಲ್ಲರನ್ನೂ ಸುತ್ತ ನಿಲ್ಲಿಸಿ ಪರಿಚಯ ಕಾರ್ಯಕ್ರಮ. ಅರ್ಧ ಜನ ಒಬ್ಬರಿಗೊಬ್ಬರು ಬೀಗರು, ಉಳಿದರ್ಧ ಒಂದೇ ಚೀಟಿಯ ಸದಸ್ಯರು. ಆದರೂ ಹೆಸರು, ಊರು, ಹವ್ಯಾಸ ಹೇಳಲೇಬೇಕು. ಮಂಡಿನೋವಿನವರನ್ನು ಹುಡುಕಿ ‘ಹಿಂಬದಿ ಲೀಡರ್’ ಎಂಬ ಬಿರುದು ಕೊಡುತ್ತಾರೆ. ಹೇಗಿದ್ದರೂ ಅವರು ಹಿಂದೆಯೇ ಇರುವವರು.

ಕಲ್ಯಾಣಿ ಬಂದರೆ ಉಪನ್ಯಾಸ. ಕಲ್ಲಿನ ಬಸವನ ಬಾಯಿಂದ ನೀರು ತನ್ನ ಪಾಡಿಗೆ ಸುರಿಯುತ್ತಿರುತ್ತದೆ. ವರ್ಷವೆಲ್ಲ ತುಂಬಿ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆಯಲ್ಲಿ ಬೇಸಿಗೆಯಲ್ಲೂ ಬಂಡೆಯೊಳಗಿಂದ ಬರುವ ಈ ನೀರನ್ನು ಕಂಡರೆ ಯಾರಾದರೂ ತಾವಾಗಿಯೇ ಸುಮ್ಮನಾಗುತ್ತಾರೆ. ಆಚಾರ್ಯರು ಮಾತ್ರ ಅಲ್ಲೇ ಶುರುಮಾಡುತ್ತಾರೆ: ಜಮದಗ್ನಿ, ರೇಣುಕೆ, ಪರಶುರಾಮ, ಅಲ್ಲಿಂದ ಒಂದೇ ನೆಗೆತಕ್ಕೆ ಕೆ.ಸಿ. ವ್ಯಾಲಿ. ‘2018ರಿಂದ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ನಮ್ಮ ಕೆರೆಗಳಿಗೆ ಬರ್ತಿದೆ. ಶನಿವಾರ ರಾತ್ರಿ ಬೆಂಗಳೂರಿನವರು ನಮ್ಮ ಬೆಟ್ಟಕ್ಕೆ ಬರ್ತಾರೆ. ಸಂಸ್ಕರಣೆ ಆಗಿರೋದು ನೀರಿಗೆ ಮಾತ್ರ!’ ಪ್ರತಿ ವರ್ಷದ ಮಾತಾದರೂ ಚಪ್ಪಾಳೆ ಖಾತ್ರಿ. ಹಣ್ಣುಕಾಯಿ ಮಾರುವ ಅಮ್ಮ ಮಾತ್ರ ಮುಂದಿನ ಸಾಲು ಬಾಯಿಪಾಠವಾದವರಂತೆ ಒಂದು ಕ್ಷಣ ಮೊದಲೇ ನಗುತ್ತಾರೆ.

ಈ ಸಲ ಉಪನ್ಯಾಸಕ್ಕೆ ಒಬ್ಬ ಗಂಭೀರ ಶ್ರೋತೃ ಸಿಕ್ಕಿದ್ದ. ‘ಕೋತಿಗಳಿವೆ, ಬ್ಯಾಗಿನ ಜಿಪ್ ಪೂರ್ತಿ ಎಳೀರಿ’ ಎಂದು ಆಚಾರ್ಯರು ಹೇಳುತ್ತಿದ್ದಂತೆ ಅವರ ಹಿಂದಿನ ಕಟ್ಟೆಯ ಮೇಲೆ ಕೂತಿದ್ದ ಗಡವ ಅದೇ ಜಿಪ್ಪನ್ನು ಎರಡು ಬೆರಳಲ್ಲಿ ಹಿಡಿದು, ನಿಧಾನವಾಗಿ, ಶಬ್ದವಾಗದಂತೆ ಎಳೆಯಿತು. ಓಆರ್‌ಎಸ್ ಪೊಟ್ಟಣ ತೆಗೆದು ಮೂಸಿ ಎಸೆಯಿತು. ಖರ್ಜೂರವನ್ನೂ ಎಸೆಯಿತು. ಅಡಿಯಲ್ಲಿದ್ದ ದೋಸೆ ಪಾರ್ಸಲ್ ತೆಗೆದುಕೊಂಡು, ಬಾಳೆಎಲೆ ಬಿಡಿಸಿ, ಕೆಂಪು ಚಟ್ನಿಯನ್ನು ಪಕ್ಕಕ್ಕೆ ಒರೆಸಿ ತಿಂದಿತು. ಚಾರಣಕ್ಕೆ ಖರ್ಜೂರವೇ ಸರಿ, ದೋಸೆ ಕೂಡದು ಎಂದು ಆಚಾರ್ಯರು ಗ್ರೂಪಿನಲ್ಲಿ ಬರೆದಿದ್ದರು. ಅವರ ಬ್ಯಾಗಿಗೆ ದೋಸೆ ಹೇಗೆ ಬಂತೆಂದು ಯಾರೂ ಕೇಳಲಿಲ್ಲ.

ಅಲ್ಲಿಂದ ಮೇಲೆ ಬಂಡೆ, ಗುಹೆ. ಈ ಶತಶೃಂಗ ಬೆಟ್ಟವೆಂದರೆ ಒಂದರ ಮೇಲೊಂದು ಉರುಳಿ ನಿಂತ ಕಲ್ಲುಗುಂಡುಗಳ ರಾಶಿ. ಸಂದಿನಲ್ಲಿ ನುಸುಳಿದವನಿಗೆ ದಾರಿ. ‘ಯಾವಾಗಲೂ ಮೂರು ಕಡೆ ಆಧಾರ ಇರಬೇಕು, ಎರಡು ಕಾಲು, ಒಂದು ಕೈ’ ಎಂದು ಸೂಚನೆ ಕೊಡುತ್ತಾ ಆಚಾರ್ಯರೇ ಮೊದಲು ನುಸುಳಿದರು. ಹೊಟ್ಟೆ ನಾಲ್ಕನೆಯ ಆಧಾರವಾಯಿತು. ಹಿಂದಿನಿಂದ ಹಿಂಬದಿ ಲೀಡರ್ ತಳ್ಳಿ, ಮುಂದಿನಿಂದ ಅವರ ಹತ್ತು ವರ್ಷದ ಮೊಮ್ಮಗಳು ಎಳೆದು ಬಿಡಿಸಿದ ಮೇಲೆ ಆಚಾರ್ಯರು ಹೇಳಿದ್ದು: ‘ನೋಡಿದ್ರಾ, ಇದಕ್ಕೇ ಟೀಮ್‌ವರ್ಕ್ ಅನ್ನೋದು.’

ಒಂದು ವಿಷಯದಲ್ಲಿ ಮಾತ್ರ ಅವರು ಬಾಯಿ ಬಿಡುವುದಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡ ಖಾಲಿ ಅಕ್ಕಿ ಚೀಲವನ್ನು ಗುಹೆ ದಾಟಿದೊಡನೆ ಬಿಡಿಸುತ್ತಾರೆ. ನೀರಿನ ಬಾಟಲಿ, ಚಿಪ್ಸ್ ಕವರು, ಒಂಟಿ ಚಪ್ಪಲಿ ಬಗ್ಗಿ ಬಗ್ಗಿ ಹೆಕ್ಕುತ್ತಾರೆ. ಪ್ರತಿ ಸಲ ಬಗ್ಗಿದಾಗಲೂ ‘ಅಮ್ಮಾ’ ಅನ್ನುತ್ತಾರೆ. ಉಪದೇಶವಿಲ್ಲ, ಫೋಟೊ ಇಲ್ಲ. ನಾವು ಗೊಣಗಿಕೊಂಡೇ ವರ್ಷ ವರ್ಷ ಬರುವುದಕ್ಕೆ ಆ ಚೀಲವೂ ಒಂದು ಕಾರಣ. ಇನ್ನೊಂದು ಕಾರಣ, ಅವರು ಸೀಟಿ ಊದದಿದ್ದರೆ ಕೊಡಗು, ಊಟಿ ಸುತ್ತುವ ನಾವು ಕಿಟಕಿಯಿಂದ ಕಾಣುವ ಬೆಟ್ಟವನ್ನು ಕಿಟಕಿಯಿಂದಲೇ ನೋಡಿಕೊಂಡು ಇದ್ದುಬಿಡುತ್ತಿದ್ದೆವು.

ಒಂಬತ್ತಕ್ಕೇ ಬಂಡೆ ಕಾದು, ತೇರಹಳ್ಳಿ ಮುಟ್ಟುವಷ್ಟರಲ್ಲಿ ಎಲ್ಲರ ನಾಲಿಗೆ ಒಣಗಿತ್ತು. ಆಚಾರ್ಯರು ‘ಸಮ್ಮಿಟ್!’ ಎಂದು ಕೂಗಿ ಕೈಯೆತ್ತಿದರು. ಎದುರಿಗೆ ಹಸು ಕಟ್ಟಿದ ಕೊಟ್ಟಿಗೆ, ಹಿಪ್ಪುನೇರಳೆ ತೋಟ, ಟಿವಿಎಸ್ ಎಕ್ಸ್‌ಎಲ್‌ಗೆ ಹಾಲಿನ ಕ್ಯಾನು ಕಟ್ಟುತ್ತಿದ್ದ ಹುಡುಗ. ಅವನು ನಮ್ಮ ಹಗ್ಗ, ಟಾರ್ಚು, ರೈನ್‌ಕೋಟುಗಳನ್ನು ಒಂದೊಂದಾಗಿ ನೋಡಿ ಕೇಳಿದ:

‘ಯಾಕ್ ಸಾರ್ ಅಲ್ಲಿಂದ ಬಂದ್ರಿ? ರೋಡೈತಲ್ಲ?’

‘ರೋಡಲ್ಲಿ ಬಂದ್ರೆ ಟೂರಪ್ಪ, ಇಲ್ಲಿ ಬಂದ್ರೆ ಟ್ರೆಕ್ಕು.’

‘ಅಂಗಾ ಸಾರ್? ನಮ್ಮ ಮೇಕೆಗಳೂ ದಿನಾ ಇಲ್ಲೇ ಬರ್ತವೆ.’

ಇಳಿಯುವ ಹೊತ್ತಿಗೆ ಆಚಾರ್ಯರ ಮೀನಖಂಡ ಹಿಡಿದುಕೊಂಡಿತು. ಹಿಮಾಲಯದ ಕಥೆಗಳಲ್ಲಿ ಇಂಥ ಹೊತ್ತಿಗೆ ಹೆಲಿಕಾಪ್ಟರ್ ಬರುತ್ತದೆ. ಇಲ್ಲಿ ಎಕ್ಸ್‌ಎಲ್ ಇತ್ತು. ಎರಡು ಕ್ಯಾನುಗಳ ನಡುವೆ, ತೊಡೆಯ ಮೇಲೆ ಬಾಟಲಿ ತುಂಬಿದ ಅಕ್ಕಿ ಚೀಲ ಇಟ್ಟುಕೊಂಡು, ‘ನಾನು ಮುಂದೆ ಹೋಗಿ ಕೆಳಗೆ ನಿಮ್ಮನ್ನು ರಿಸೀವ್ ಮಾಡ್ಕೋತೀನಿ’ ಎಂದು ಹೊರಟೇಬಿಟ್ಟರು. ನಾವು ಹಿಂಬದಿ ಲೀಡರ್ ಮುಂದಾಳತ್ವದಲ್ಲಿ ಇಳಿದೆವು.

ಸಂಜೆಗೆ ಗ್ರೂಪಿನಲ್ಲಿ ಮುಂದಿನ ಪ್ರಕಟಣೆ: ‘ಆವಣಿ ಬೆಟ್ಟ, ಮುಳಬಾಗಿಲು ತಾಲ್ಲೂಕು. ಕಠಿಣ ಶ್ರೇಣಿ. ಅನುಭವಿಗಳಿಗೆ ಮಾತ್ರ.’

ಮುಳಬಾಗಿಲಿನ ಮೇಡಂ ತಕ್ಷಣ ಬರೆದರು: ‘ಸಾರ್, ಅದು ಸೀತಮ್ಮ ಲವಕುಶರನ್ನು ಹೆತ್ತ ಬೆಟ್ಟ ಅಂತಾರೆ. ತುಂಬು ಗರ್ಭಿಣಿ ಹತ್ತಿದ್ದು ನಮಗೆ ಕಠಿಣವೇ?’

‘ಆಕೆಯ ಜೊತೆ ಲೀಡರ್ ಇದ್ದ ಮೇಡಂ. ಲಕ್ಷ್ಮಣ.’

‘ಆ ಲೀಡರ್ರೂ ಅರ್ಧ ದಾರೀಲಿ ಬಿಟ್ಟು, ಗಾಡಿ ಹತ್ತಿ ವಾಪಸ್ ಹೋದನಲ್ಲ ಸಾರ್!’

ಗ್ರೂಪು ಐದು ನಿಮಿಷ ಉಸಿರು ಬಿಗಿಹಿಡಿದು ಕಾಯಿತು. ಆಚಾರ್ಯರು ಟೈಪ್ ಮಾಡಿದರು, ಅಳಿಸಿದರು, ಮತ್ತೆ ಟೈಪ್ ಮಾಡಿದರು.

‘ಅದಕ್ಕೇ ಹೇಳೋದು. ನೀರು, ಬಿಸ್ಕತ್ತು, ಹಗ್ಗ ಅವರವರೇ ತರಬೇಕು. 5.30 ಶಾರ್ಪ್.’